ಹತ್ತಕ್ಕೆ ನಿಲ್ಲುವ ಹೆಜ್ಜೆ

ಎಲ್ಲರ ಚಪ್ಪಾಳೆ ನಿಂತ ಮೇಲೆ ಒಂದು ಚಪ್ಪಾಳೆ ಮಾತ್ರ ತಡವಾಗಿ ಬಿತ್ತು.

ಬನಶಂಕರಿ ಆಗ ಬಲಗೈಯನ್ನು ತಲೆಯ ಮೇಲೆ ಬಾಗಿಸಿ, ಗದ್ದವೆತ್ತಿ, ಕದಲದೆ ನಿಂತಿದ್ದಳು. ಗಿಟಾರ್ ಮೌನವಾಗಿತ್ತು. ಆಸ್ಟ್ರೇಲಿಯಾದ ಪರ್ತ್ ನಗರದ ಕ್ಯಾನಿಂಗ್ಟನ್‌ನಲ್ಲಿದ್ದ ಆ ಕಮ್ಯೂನಿಟಿ ಹಾಲ್‌ನಲ್ಲಿ ಹದಿನಾಲ್ಕು ಜನ ಉಸಿರು ಬಿಗಿಹಿಡಿದಿದ್ದರು. ಎರಡು ತಿಂಗಳ ಅಭ್ಯಾಸದಲ್ಲಿ ಮೊದಲ ಬಾರಿಗೆ ಅವಳ ಹಿಮ್ಮಡಿ ಸರಿಯಾದ ಪೆಟ್ಟಿಗೆ ನೆಲ ಮುಟ್ಟಿತ್ತು. ಆ ಚೆಂದದ ನಿಶ್ಶಬ್ದದೊಳಗೆ, ಹಿಂದಿನ ಸಾಲಿನಿಂದ, ಚಟ್ ಎಂದು ಒಂಟಿ ಸದ್ದು.

ಹಾಲ್ ಗೊಳ್ಳೆಂದು ನಕ್ಕಿತು.

ಅದು ತನ್ನನ್ನು ಅಣಕಿಸಲೆಂದೇ ಹೊಡೆದ ಚಪ್ಪಾಳೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಎಮರ್ಜೆನ್ಸಿ ವಿಭಾಗಕ್ಕೆ ಬರುವ ಕುಡುಕರನ್ನು ಕಣ್ಣಿನಲ್ಲೇ ಕೂರಿಸುವ ಡಾಕ್ಟರ್ ಅವಳು. ಅದೇ ಕಣ್ಣಿನಿಂದ ಹಿಂದಿನ ಸಾಲನ್ನು ನೋಡಿದಳು. ಬಿಸಿಲಿಗೆ ಕಂದಿದ ಮುಖದ, ಎತ್ತರದ ಮನುಷ್ಯನೊಬ್ಬ ತನ್ನ ಅಂಗೈಗಳನ್ನೇ ದಿಟ್ಟಿಸುತ್ತಿದ್ದ. ಮೋಸ ಮಾಡಿದ್ದು ಅವೇ ಎಂಬಂತೆ.

“ಅಯ್ಯೋ, ಸಮ್ ಎಲ್ಲಿ ಹೋಯ್ತು?” ಎಂದ, ತನಗೆ ತಾನೇ. ಅಚ್ಚ ಕನ್ನಡದಲ್ಲಿ.

“ನನ್ನ ಹತ್ರ ಅಂತೂ ಇಲ್ಲ. ಬೇಕಾದ್ರೆ ಬ್ಯಾಗ್ ಚೆಕ್ ಮಾಡ್ಕೊಳ್ಳಿ,” ಎಂದಳು ಬನಶಂಕರಿ.

ಅವನು ಬೆಚ್ಚಿ ತಲೆಯೆತ್ತಿದ. ಕಿವಿಯವರೆಗೂ ಕೆಂಪಾದ. “ಕನ್ನಡದೋರಾ? ಸತ್ತೆ! ನಿಮ್ಮ ಡಾನ್ಸ್ ಹಾಳು ಮಾಡಿದ್ದು ನಾನು ಅಂತ ದಯವಿಟ್ಟು ಯಾರಿಗೂ ಹೇಳ್ಬೇಡಿ. ಕನ್ನಡ ಸಂಘದೋರು ಯುಗಾದಿ ಊಟಕ್ಕೆ ಸೇರಿಸಲ್ಲ.”

ಕೋಪವನ್ನು ಇನ್ನಷ್ಟು ಹೊತ್ತು ಉಳಿಸಿಕೊಳ್ಳಬೇಕೆಂದು ಅವಳು ಪ್ರಯತ್ನಿಸಿದಳು. ತುಟಿಯ ಒಂದು ಮೂಲೆ ಮಾತು ಕೇಳಲಿಲ್ಲ.

ಅವನ ಹೆಸರು ಪಂಚಾಕ್ಷರಿ. ದಾವಣಗೆರೆಯವನು. ದೂರದ ಉತ್ತರದ, ಕೆಂಪು ಮಣ್ಣಿನ ಪಿಲ್ಬರಾದ ಕಬ್ಬಿಣದ ಗಣಿಯಲ್ಲಿ ಭೂವಿಜ್ಞಾನಿ. ಎರಡು ವಾರ ಅಲ್ಲಿ ಕೆಲಸ, ಒಂದು ವಾರ ಪರ್ತ್‌ನಲ್ಲಿ ರಜೆ. ಗಣಿಯವರು ಆ ಸರದಿಯನ್ನು ‘ಸ್ವಿಂಗ್’ ಎನ್ನುತ್ತಾರೆ. ಹುಡುಗನಾಗಿದ್ದಾಗ ಎಂಟು ವರ್ಷ ತಬಲಾ ಕಲಿತವನು, ಆ ಬೆರಳುಗಳ ತುರಿಕೆ ತಡೆಯಲಾರದೆ ಫ್ಲಮೆಂಕೊ ಎಂಬ ಈ ಸ್ಪ್ಯಾನಿಷ್ ನೃತ್ಯದ ತರಗತಿಗೆ ಚಪ್ಪಾಳೆ ಕಲಿಯಲು ಅಂದೇ ಮೊದಲ ಬಾರಿಗೆ ಬಂದಿದ್ದ.

“ತಬಲಾದಲ್ಲಿ ಎಲ್ಲೇ ಸುತ್ತಾಡಿದ್ರೂ ಕೊನೆಗೆ ಬಂದು ಬೀಳೋದು ಸಮ್‌ಗೆ, ಅಂದ್ರೆ ಮುಂದಿನ ಆವರ್ತನದ ಮೊದಲನೇ ಪೆಟ್ಟಿಗೆ,” ಎಂದು ಟೀ ಕುಡಿಯುವಾಗ ಬೆರಳು ಮಡಿಸುತ್ತ ವಿವರಿಸಿದ. “ಇವ್ರು ಹನ್ನೆರಡು ಎಣಿಸ್ತಾರೆ ಸರಿ, ಹತ್ತಕ್ಕೇ ಬಾಗಿಲು ಹಾಕ್ಬಿಡ್ತಾರೆ! ಉಳಿದ ಎರಡು ಯಾತಕ್ಕೆ?”

“ಉಸಿರಾಡೋಕೆ, ಪಾಂಚೊ,” ಎಂದಳು ಗುರು ಮಿಲಾಗ್ರೋಸ್ ತನ್ನ ಸ್ಪ್ಯಾನಿಷ್ ಬೆರೆತ ಇಂಗ್ಲಿಷಿನಲ್ಲಿ. ‘ಪಂಚಾಕ್ಷರಿ’ಯನ್ನು ಅವಳು ಮೊದಲ ದಿನವೇ ಕತ್ತರಿಸಿ ಪಾಂಚೊ ಮಾಡಿದ್ದಳು.

ಮಿಲಾಗ್ರೋಸ್‌ಗೆ ಎಪ್ಪತ್ತೆರಡು. ದಕ್ಷಿಣ ಸ್ಪೇನಿನ ಹೆರೆಸ್ ಪಟ್ಟಣದವಳು. ಅದು ದ್ರಾಕ್ಷಾರಸದ ಊರು. ಗಂಡ ಸ್ವಾನ್ ವ್ಯಾಲಿಯ ದ್ರಾಕ್ಷಿ ತೋಟಕ್ಕೆ ಕೆಲಸಕ್ಕೆ ಬಂದಾಗ ಜೊತೆಗೆ ಬಂದವಳು ಒಂದು ಪೆಟ್ಟಿಗೆ ಬಟ್ಟೆ ಮತ್ತು ಬುಲೆರಿಯಾ ಎಂಬ ಕುಣಿತವನ್ನು ತಂದಿದ್ದಳು. ಹೆರೆಸ್‌ನ ಓಣಿಗಳಲ್ಲಿ ಅದನ್ನು ಯಾರೂ ಶಾಲೆಯಲ್ಲಿ ಕಲಿಯುತ್ತಿರಲಿಲ್ಲವಂತೆ. ಮದುವೆ, ನಾಮಕರಣ, ಕ್ರಿಸ್‌ಮಸ್, ಏನೇ ಇರಲಿ, ಕೊನೆಗೆ ಜನ ಅಂಗಳದಲ್ಲಿ ವೃತ್ತವಾಗಿ ನಿಂತು ಚಪ್ಪಾಳೆ ಹಿಡಿಯುತ್ತಾರೆ. ಒಬ್ಬೊಬ್ಬರೇ ಒಳಗೆ ಬಂದು, ಎರಡು ಮೂರು ಸುತ್ತು ಕುಣಿದು, ಹತ್ತನೆಯ ಪೆಟ್ಟಿಗೆ ನಿಂತು, ಹೊರಟುಹೋಗುತ್ತಾರೆ.

“ಒಂದೇ ನಿಯಮ,” ಎಂದು ಮಿಲಾಗ್ರೋಸ್ ಬೆರಳೆತ್ತಿದಳು. “ವೃತ್ತಕ್ಕೆ ಯಾರೂ ನಿನ್ನನ್ನು ಕರೆಯುವುದಿಲ್ಲ. ನನ್ನ ಅಜ್ಜಿ ಮೀನು ಹುರಿಯುತ್ತಿದ್ದವಳು ಕೈ ಒರೆಸಿಕೊಂಡು ಬಂದುಬಿಡುತ್ತಿದ್ದಳು. ಬರಬೇಕು ಅನ್ನಿಸಿದರೆ ನೀನೇ ಬರಬೇಕು.”

ಅಂದು ಎಲ್ಲರೂ ವೃತ್ತದೊಳಗೆ ಹೋಗಿ ಬಂದರು. ಪಂಚಾಕ್ಷರಿ ಒಬ್ಬ ಹೋಗಲಿಲ್ಲ. “ನಾನು ಚಪ್ಪಾಳೆಗೆ ಸರಿ,” ಎಂದು ನಕ್ಕ.

ಆ ನಗುವಿನ ಹಿಂದೆ ಇನ್ನೇನೋ ಇದೆ ಎಂದು ಬನಶಂಕರಿಗೆ ಅನ್ನಿಸಿತು. ಅನ್ನಿಸಿದ್ದನ್ನು ಪರೀಕ್ಷಿಸದೆ ಬಿಡುವ ವೃತ್ತಿಯಲ್ಲ ಅವಳದು.

*

ಆಮೇಲೆ ಅವಳ ತಿಂಗಳುಗಳು ಮೂರು ಮೂರು ವಾರಗಳ ತುಂಡುಗಳಾದವು.

ಅವನು ಇರುವ ವಾರ ಹಾರಿಹೋಗುತ್ತಿತ್ತು. ಇಲ್ಲದ ಎರಡು ವಾರ ಕುಂಟುತ್ತಿದ್ದವು. ಗಣಿಯಿಂದ ಅವನು ಚಪ್ಪಾಳೆ ರೆಕಾರ್ಡ್ ಮಾಡಿ ಕಳಿಸುತ್ತಿದ್ದ: ತಗಡಿನ ಪೆಟ್ಟಿಗೆಯಂಥ ಸೈಟ್ ಕೋಣೆ, ಹಿಂದೆ ಏಸಿಯ ಗುಂಯ್‌ಗುಟ್ಟುವಿಕೆ, ಹನ್ನೆರಡರ ಸುತ್ತು. ಮೈಸೂರಿನಲ್ಲಿ ಹನ್ನೊಂದು ವರ್ಷ ಭರತನಾಟ್ಯ ಕಲಿತ ಅವಳ ಪಾದಗಳಿಗೆ ಹಿಮ್ಮಡಿಯ ಭಾಷೆ ಹೊಸದು. ಆ ಚಪ್ಪಾಳೆಯನ್ನು ಕಿವಿಗೆ ಸಿಕ್ಕಿಸಿಕೊಂಡು ಅಡುಗೆಮನೆಯಲ್ಲೇ ಅಭ್ಯಾಸ ಮಾಡುತ್ತಿದ್ದಳು. ಪ್ರತಿ ರೆಕಾರ್ಡಿಂಗಿನ ಕೊನೆಯಲ್ಲಿ ಅವನ ದನಿ ಬರುತ್ತಿತ್ತು: “ಡಾಕ್ಟ್ರೇ, ಒಂದು ವಿಷಯ...” ಮತ್ತೆ ಒಂದು ನಿಟ್ಟುಸಿರು. “ಇರ್ಲಿ, ಬಂದಾಗ ಹೇಳ್ತೀನಿ.”

ಬಂದಾಗ ಹೇಳುತ್ತಿರಲಿಲ್ಲ.

ಆಗಸ್ಟ್ ತಿಂಗಳ ಒಂದು ಭಾನುವಾರ ಮಿಲಾಗ್ರೋಸ್ ಇಡೀ ತಂಡವನ್ನು ಸ್ವಾನ್ ವ್ಯಾಲಿಯ ತನ್ನ ಮನೆಗೆ ಊಟಕ್ಕೆ ಕರೆದಿದ್ದಳು. ಊಟದ ನಂತರ ಬನಶಂಕರಿ, ಪಂಚಾಕ್ಷರಿ ಇಬ್ಬರೂ ದ್ರಾಕ್ಷಿ ಸಾಲುಗಳ ನಡುವೆ ನಡೆದುಹೋದರು. ಎಲೆ ಉದುರಿ ಬೋಳಾದ ಬಳ್ಳಿಗಳು ತಂತಿಗಳನ್ನು ಅಪ್ಪಿಕೊಂಡಿದ್ದವು. ಅವಳ ಕೂದಲಿಗೆ ಸಿಕ್ಕಿಕೊಂಡ ಒಣ ಕಡ್ಡಿಯನ್ನು ತೆಗೆಯಲು ಅವನು ಕೈ ಚಾಚಿದ; ನಡುವೆಯೇ ನಿಲ್ಲಿಸಿದ.

“ಕಡ್ಡಿ ಇದೆ,” ಎಂದ.

“ಗೊತ್ತು. ತೆಗೀತೀರೇನೋ ಅಂತ ಕಾಯ್ತಿದೀನಿ.”

ಅವನು ಕಡ್ಡಿ ತೆಗೆದ. ಕಲ್ಲಿನ ಮಾದರಿಯಂತೆ ಅದನ್ನೇ ಪರೀಕ್ಷಿಸುತ್ತ ನಿಂತ.

“ಏಳು ತಿಂಗಳಾಯ್ತು,” ಎಂದಳು ಅವಳು. “ಈ ‘ನೀವು’, ‘ಡಾಕ್ಟ್ರೇ’ ಎಲ್ಲ ಯಾವಾಗ ಬಿಡ್ತೀರ?”

“ಮುಂದಿನ ಸ್ವಿಂಗ್‌ಗೆ.”

“ಮುಂದಿನ ಸ್ವಿಂಗ್‌ಗೆ ನಾನು ಇಲ್ಲಿರ್ತೀನೋ ಇಲ್ವೋ. ಬ್ರಿಸ್ಬೇನ್‌ನಲ್ಲಿ ಕೆಲಸ ಸಿಕ್ಕಿದೆ. ಟ್ರೈನಿಂಗ್ ಪೋಸ್ಟ್. ಇನ್ನೂ ಒಪ್ಪಿಲ್ಲ.”

ಇನ್ನೂ ಒಪ್ಪಿಲ್ಲ. ಆ ಎರಡು ಪದಗಳನ್ನು ಅವಳು ಅವನ ಅಂಗೈ ಮೇಲೆ ಇಟ್ಟಂತೆ ನಿಧಾನವಾಗಿ ಹೇಳಿದ್ದಳು. ಅವನ ಕಣ್ಣುಗಳಲ್ಲಿ ಏನೋ ಎದ್ದು ನಿಂತಿತು. ಈಗ ಹೇಳುತ್ತಾನೆ, ಈಗ...

“ಕಂಗ್ರಾಟ್ಸ್,” ಎಂದ ಪಂಚಾಕ್ಷರಿ. “ಒಳ್ಳೇ ಚಾನ್ಸ್. ಬಿಡ್ಬೇಡಿ.”

ಅವಳು ಬಿಡಲಿಲ್ಲ.

*

ಬ್ರಿಸ್ಬೇನ್ ಹೊರವಲಯದ ನಾರ್ತ್ ಲೇಕ್ಸ್‌ನಲ್ಲಿ ವಿಶಾಲಾಕ್ಷಿ ಆಂಟಿಯ ಮನೆ. ಹಿತ್ತಲಿನ ಪುಟ್ಟ ಮನೆಯನ್ನು ಬನಶಂಕರಿ ಬಾಡಿಗೆಗೆ ಹಿಡಿದಿದ್ದಳು. ಅಭ್ಯಾಸಕ್ಕೆ ಆಂಟಿಯ ಗ್ಯಾರೇಜು.

“ಬನೂ, ಏನು ಅದು ದಡ ದಡ? ಪಕ್ಕದ್ಮನೆ ಮುದುಕ ‘ಮನೇಲಿ ಕುದುರೆ ಸಾಕಿದೀರಾ’ ಅಂತ ಕೇಳ್ತಿದ್ದ!”

“ಏನಂದ್ರಿ ಆಂಟಿ?”

“ಹೌದು, ಮೈಸೂರಿನ ಕುದುರೆ, ಬೆಲೆ ಜಾಸ್ತಿ, ಮುಟ್ಬೇಡ ಅಂದೆ. ಆ ಚಪ್ಪಾಳೆ ಹೊಡ್ಯೋನು ಯಾರು? ಫೋನಲ್ಲೇ ಹೊಡೀತಾನೋ, ಎದುರಿಗೂ ಬರ್ತಾನೋ?”

ಅವಳು ಫೋನಿನ ಚಪ್ಪಾಳೆಯ ದನಿ ತಗ್ಗಿಸಿದಳು. ಪರ್ತ್‌ನಿಂದ ಬಂದು ಐದು ತಿಂಗಳಾದರೂ ರೆಕಾರ್ಡಿಂಗ್‌ಗಳು ನಿಂತಿರಲಿಲ್ಲ. ‘ಒಂದು ವಿಷಯ’ವೂ ಮುಗಿದಿರಲಿಲ್ಲ. ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪೆಟ್ರೋಲ್ ಬೇಕಿಲ್ಲದಿದ್ದರೂ ಇಲ್ಲಿಯವರು ಸರ್ವೋ ಎನ್ನುವ ಬಂಕ್‌ಗೆ ಹೋಗಿ ಬರುತ್ತಿದ್ದಳು. ಟೀ ಮಾಡಿಕೊಂಡು ಮರೆಯುತ್ತಿದ್ದಳು. ಫೋನ್ ಮಿನುಗಿದರೆ ಎದೆ ಹಾರುತ್ತಿತ್ತು, ಮಿನುಗದಿದ್ದರೆ ಇನ್ನೂ ಹೆಚ್ಚು.

ಮಾರ್ಚ್ ತಿಂಗಳ ಮೊದಲ ವಾರ ಹೆರೆಸ್‌ನಿಂದ ಇಮೇಲ್ ಬಂತು. ಮಿಲಾಗ್ರೋಸ್‌ಳ ಸೋದರ ಸೊಸೆ ನಡೆಸುವ ಪುಟ್ಟ ನೃತ್ಯಶಾಲೆಯಲ್ಲಿ ಒಂದು ವರ್ಷದ ಕಲಿಕೆ. ಹನ್ನೆರಡೇ ಜನಕ್ಕೆ ಜಾಗ. ಅರ್ಜಿ ಹಾಕಿದ್ದ ಅವಳಿಗೆ ಅದರಲ್ಲಿ ಒಂದು ಸಿಕ್ಕಿತ್ತು. ಮುಂದಿನ ಭಾನುವಾರ, ಬ್ರಿಸ್ಬೇನ್ ಗಡಿಯಾರದಲ್ಲಿ ಸಂಜೆ ಆರರೊಳಗೆ, ಒಪ್ಪಿಗೆ ತಿಳಿಸಬೇಕು. ಆಸ್ಪತ್ರೆ ಒಂದು ವರ್ಷದ ರಜೆ ಕೊಡಲು ಸಿದ್ಧವಿತ್ತು.

ಅದೇ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಅಡಿಲೇಡ್‌ನ ಉತ್ಸವದಲ್ಲಿ ಮಿಲಾಗ್ರೋಸ್ ತಂಡದ ಪ್ರದರ್ಶನ. ಬನಶಂಕರಿ ಬ್ರಿಸ್ಬೇನ್‌ನಿಂದ ಹೋಗಿ ಸೇರಿಕೊಳ್ಳಬೇಕಿತ್ತು. ಪಂಚಾಕ್ಷರಿಗೆ ಆ ವಾರ ಗಣಿಯ ಸರದಿ, ಅವನು ಬರುವಂತಿರಲಿಲ್ಲ.

ಅವಳು ಅವನಿಗೆ ಫೋನ್ ಮಾಡಿದಳು. ಶಾಲೆಯ ವಿಷಯ ಹೇಳಿದಳು. ಆ ಕಡೆ ಏಸಿಯ ಗುಂಯ್ ಸದ್ದು ಬಿಟ್ಟರೆ ಏನೂ ಇಲ್ಲ.

“ಕೇಳಿಸ್ತಿದ್ಯಾ?”

“ಕೇಳಿಸ್ತಿದೆ. ಒಳ್ಳೇದಾಯ್ತು. ಹೋಗಿ ಬನ್ನಿ.”

“ಅಷ್ಟೇನಾ?”

“ಡಾಕ್ಟ್ರೇ, ಒಂದು ವಿಷಯ...” ದೂರದಲ್ಲಿ ಯಾರೋ ‘ಪಂಚ್!’ ಎಂದು ಕೂಗಿದರು. “ಮೀಟಿಂಗ್‌ಗೆ ಕರೀತಿದಾರೆ. ಮುಂದಿನ ಸ್ವಿಂಗ್‌ಗೆ...”

ಅವಳು ಫೋನ್ ಇಟ್ಟಳು. ‘ಹೋಗಬೇಡ’ ಎಂದು ಅವನು ಹೇಳಿಬಿಟ್ಟರೆ ಏನು ಗತಿ ಎಂಬ ಭಯ ಅವಳಿಗಿತ್ತು. ಹೇಳದೇ ಹೋದರೆ ಏನು ಗತಿ ಎಂಬುದು ಅದಕ್ಕಿಂತ ದೊಡ್ಡ ಭಯ. ಆರು ದಿನ ಇವೆರಡರ ನಡುವೆ ಓಡಾಡಿ ಸೋತಳು. ಶನಿವಾರ ಬೆಳಗ್ಗೆ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ, ಹತ್ತುವ ಕರೆ ಬಂದಾಗ, ಒಂದು ಸಂದೇಶ ರೆಕಾರ್ಡ್ ಮಾಡಿದಳು.

“ನೀವು ಯಾವಾಗ್ಲೂ ಮುಂದಿನ ಸುತ್ತಿಗೆ ಕಾಯ್ತೀರ, ಪಂಚಾಕ್ಷರಿ. ನನಗೆ ಅದು ಬರಲ್ಲ. ನಾನು ಹತ್ತಕ್ಕೇ ನಿಲ್ತೀನಿ. ನಾಳೆ ಆದ್ಮೇಲೆ ರೆಕಾರ್ಡಿಂಗ್ ಕಳಿಸ್ಬೇಡಿ.”

ಕಳಿಸಿದಳು. ಫೋನ್ ಆಫ್ ಮಾಡಿದಳು.

*

ಅಡಿಲೇಡ್‌ನ ಗಡಿಯಾರವೇ ವಿಚಿತ್ರ. ಅದು ಬ್ರಿಸ್ಬೇನ್‌ಗಿಂತ ಅರ್ಧ ಗಂಟೆ ಮುಂದಿತ್ತು. ಬನಶಂಕರಿ ಕೈಗಡಿಯಾರವನ್ನು ಬದಲಿಸಲಿಲ್ಲ. ಸಂಜೆ ಆರು ಎಂದರೆ ಆರು. ಅದನ್ನು ಲೆಕ್ಕ ಹಾಕುವ ವ್ಯವಧಾನ ಅವಳಲ್ಲಿ ಉಳಿದಿರಲಿಲ್ಲ.

ಪ್ರದರ್ಶನ ಒಂದು ಹಳೆಯ ಚರ್ಚ್ ಹಾಲ್‌ನಲ್ಲಿ. ಬಣ್ಣದ ಗಾಜಿನಿಂದ ಬಿಸಿಲು ಓರೆಯಾಗಿ ವೇದಿಕೆಗೆ ಬೀಳುತ್ತಿತ್ತು. ಚಪ್ಪಾಳೆಯವರಿಗೆ ಮೂರು ಕುರ್ಚಿ ಹಾಕಿದ್ದರು. ಎರಡರಲ್ಲಿ ಜನರಿದ್ದರು.

“ಮೂರನೇದು ತೆಗೆಸಿ,” ಎಂದಳು ಬನಶಂಕರಿ.

ಮಿಲಾಗ್ರೋಸ್ ಅವಳ ಶಾಲಿನ ಗಂಟನ್ನು ಬಿಗಿಗೊಳಿಸುತ್ತ, “ಕುರ್ಚಿ ಊಟ ಕೇಳುವುದಿಲ್ಲ, ಮಗಳೇ. ಖಾಲಿ ಇದ್ದರೆ ಇರಲಿ,” ಎಂದಳು.

ಇಬ್ಬರು ಕುಣಿದರು. ಒಂದು ಹಾಡಾಯಿತು. ಬನಶಂಕರಿಯ ಸರದಿ ಕೊನೆಯದು. ಪಕ್ಕದ ಪರದೆಯ ಮರೆಯಲ್ಲಿ ನಿಂತು ಅವಳು ಸಭಾಂಗಣದ ಹಿಂಬಾಗಿಲನ್ನು ನೋಡಬಾರದೆಂದು ನಿರ್ಧರಿಸಿದಳು. ಮೂರು ಬಾರಿ ನೋಡಿದಳು. ತೆರೆದಾಗಲೆಲ್ಲ ಐಸ್‌ಕ್ರೀಂ ಹಿಡಿದ ಯಾರೋ.

ಗಿಟಾರ್ ಕರೆಯಿತು. ಅವಳು ಬೆಳಕಿಗೆ ಹೆಜ್ಜೆಯಿಟ್ಟಳು.

ಮೊದಲ ಸುತ್ತು. ಎರಡನೆಯದು. ಹಿಮ್ಮಡಿ ನೆಲವನ್ನು ಬೈಯತೊಡಗಿತು. ಐದು ತಿಂಗಳ ಟೀ, ಐದು ತಿಂಗಳ ಮಿನುಗದ ಫೋನ್, ಎಲ್ಲವೂ ಹಲಗೆಗೆ ಇಳಿಯಿತು. ಏಳನೆಯ ಸುತ್ತಿನಲ್ಲೋ ಎಂಟನೆಯದರಲ್ಲೋ ಅವಳ ಕಿವಿಗೆ ಒಂದು ವ್ಯತ್ಯಾಸ ತಟ್ಟಿತು. ಚಪ್ಪಾಳೆ ದಪ್ಪವಾಗಿತ್ತು. ಎರಡು ಜೋಡಿ ಕೈಗಳಿದ್ದ ಕಡೆ ಮೂರು.

ತಿರುಗಿ ನೋಡುವಂತಿರಲಿಲ್ಲ. ಎಂಟು. ಒಂಬತ್ತು. ಬಲಗೈ ಮೇಲಕ್ಕೆ, ಗದ್ದ ಮೇಲಕ್ಕೆ...

ಹತ್ತು.

ಅವಳ ಹಿಮ್ಮಡಿಯೂ ಮೂರೂ ಚಪ್ಪಾಳೆಗಳೂ ಒಂದೇ ಏಟಿಗೆ ಬಿದ್ದವು. ಆಮೇಲೆ ಪರಿಪೂರ್ಣ ಮೌನ. ಒಂಟಿ ಸದ್ದು ಬರಲಿಲ್ಲ.

ಅವಳು ತಿರುಗಿದಳು. ಮೂರನೆಯ ಕುರ್ಚಿಯಲ್ಲಿ ಪಂಚಾಕ್ಷರಿ ಕೂತಿದ್ದ. ಗಣಿಯ ಬೂಟಿಗೆ ಕೆಂಪು ಧೂಳು ಮೆತ್ತಿತ್ತು. ಅಂಗಿ ಬೆನ್ನಿಗೆ ಅಂಟಿತ್ತು. ಅವಳನ್ನೇ ನೋಡುತ್ತಿದ್ದ; ಈ ಬಾರಿ ಅಂಗೈಯನ್ನಲ್ಲ.

ಆಗಲೇ ಜನರ ಕರತಾಡನ ಅಪ್ಪಳಿಸಿತು. ಮಾತಾಡಲು ಸಮಯವೆಲ್ಲಿ? ಮಿಲಾಗ್ರೋಸ್ ತಂಡವನ್ನೆಲ್ಲ ವೇದಿಕೆಗೆ ಎಳೆದು ಅರ್ಧವೃತ್ತ ಕಟ್ಟಿದಳು. ಹೆರೆಸ್‌ನ ಅಂಗಳದ ಕೊನೆಯ ಬುಲೆರಿಯಾ. ಒಬ್ಬೊಬ್ಬರೇ ಒಳಗೆ ಬಂದು ಹೋದರು. ಮಿಲಾಗ್ರೋಸ್ ತಾನೇ ಬಂದು, ಮೊಣಕಾಲು ನೋವನ್ನು ಮರೆತು, ಲಂಗ ಒಂದಿಷ್ಟೇ ಎತ್ತಿ ಸಭೆಯನ್ನು ಸೋಲಿಸಿ ಹೋದಳು.

ಉಳಿದವನು ಒಬ್ಬ. ಬನಶಂಕರಿ ಎದುರು ಬದಿಯಲ್ಲಿ ನಿಂತಿದ್ದಳು. ಕಣ್ಣಿನಲ್ಲಿ ಕರೆಯಬಹುದಿತ್ತು. ಗದ್ದದ ಒಂದು ಸಣ್ಣ ಸನ್ನೆ ಸಾಕಿತ್ತು. ಅವಳು ನೋಟ ತಗ್ಗಿಸಿ ಚಪ್ಪಾಳೆಯನ್ನೇ ಹಿಡಿದಳು. ಒಂದು ಸುತ್ತು ಖಾಲಿ ಹೋಯಿತು. ಎರಡನೆಯದೂ ಹೋಯಿತು. ಗಿಟಾರ್ ವಾದಕ ಮುಗಿಸಲೇ ಎಂಬಂತೆ ಮಿಲಾಗ್ರೋಸ್‌ಳತ್ತ ಹುಬ್ಬೇರಿಸಿದ. ಮುಗಿಸು ಎಂದು ಸನ್ನೆ ಮಾಡಲು ಮಿಲಾಗ್ರೋಸ್ ಕೈಯೆತ್ತಿದಳು.

ಆ ಕೈ ಇಳಿಯುವ ಮೊದಲು ಕೆಂಪು ಧೂಳಿನ ಬೂಟುಗಳು ವೃತ್ತದೊಳಗೆ ಬಂದವು.

ಅವನಿಗೆ ಕುಣಿಯಲು ಬರುತ್ತಿರಲಿಲ್ಲ. ಕೈಗಳು ಎಲ್ಲಿರಬೇಕೆಂದು ಅವಕ್ಕೇ ತಿಳಿದಿರಲಿಲ್ಲ. ಉಕ್ಕಿನ ತುದಿಯ ಬೂಟು ಹಲಗೆಗೆ ಬಡಿದಾಗ ಧೂಳು ಹಾರಿ ಬಣ್ಣದ ಬಿಸಿಲಿನಲ್ಲಿ ತೇಲಿತು. ಆದರೆ ಲಯ ಅವನದಾಗಿತ್ತು. ಎಡವುವಾಗಲೂ ಲಯದಲ್ಲೇ ಎಡವಿದ. ಸಭೆ ನಗಲು ಬಾಯಿ ತೆರೆದು, ನಗದೆ ಚಪ್ಪಾಳೆ ಹಿಡಿಯಿತು. ಎಂಟು, ಒಂಬತ್ತು, ಹತ್ತಕ್ಕೆ ಅವಳೆದುರೇ ನಿಂತ. ಎದೆ ಏದುಸಿರಿಗೆ ಏರಿಳಿಯುತ್ತಿತ್ತು.

ನಿಯಮದಂತೆ ಹೊರಗೆ ಹೋಗಬೇಕಿತ್ತು. ಹೋಗಲಿಲ್ಲ. ಹಾಗೆಂದು ಅವಳನ್ನು ಕರೆಯಲೂ ಇಲ್ಲ. ಸುಮ್ಮನೆ ನಿಂತ.

ಬನಶಂಕರಿ ಶಾಲನ್ನು ಹೆಗಲಿಗೆ ಎಸೆದುಕೊಂಡು ತಾನೇ ಒಳಗೆ ಬಂದಳು.

*

ಚರ್ಚ್‌ನ ಹಿಂದಿನ ಮೆಟ್ಟಿಲಿನಲ್ಲಿ ಇಬ್ಬರೂ ಕೂತಾಗ ಅವಳ ಗಡಿಯಾರದಲ್ಲಿ ಐದೂ ಮೂವತ್ತೈದು. ಪಾರ್ಕಿನ ಕಡೆಯಿಂದ ಉತ್ಸವದ ಬ್ಯಾಂಡ್ ಸದ್ದು, ಸಾಸೇಜ್ ಹುರಿಯುವ ವಾಸನೆ ತೇಲಿ ಬರುತ್ತಿದ್ದವು.

“ಹೇಗೆ ಬಂದ್ರಿ?”

“ಪ್ರಜ್ವಲ ಅಂತ ನನ್ನ ಜೊತೆ ಕೆಲಸ ಮಾಡೋನು. ಸರದಿ ಅದಲು ಬದಲು ಮಾಡ್ಕೊಂಡೆ. ಮುಂದಿನ ಮೂರು ಲಾಂಗ್ ವೀಕೆಂಡ್ ಅವನ ಬದಲು ನಾನು ಸೈಟಲ್ಲಿರ್ಬೇಕು. ಬೆಳಗ್ಗೆ ಸೈಟಿಂದ ಪರ್ತ್, ಅಲ್ಲಿಂದ ಓಡಿ ಇನ್ನೊಂದು ಫ್ಲೈಟು. ಬೂಟು ಬದಲಾಯಿಸೋಕೂ ಟೈಮ್ ಸಿಗ್ಲಿಲ್ಲ.”

“ನೋಡಿದೆ. ಇಡೀ ಪಿಲ್ಬರಾನೇ ಸ್ಟೇಜ್ ಮೇಲೆ ಸುರಿದ್ರಿ.” ಅವಳು ನಗಲಿಲ್ಲ. “ಏಳು ತಿಂಗಳು ಪರ್ತ್‌ನಲ್ಲಿ, ಐದು ತಿಂಗಳು ಬ್ರಿಸ್ಬೇನ್‌ನಲ್ಲಿ ಕಾದೆ. ಆ ‘ಒಂದು ವಿಷಯ’ ಏನು?”

ಅವನು ಬೂಟಿನ ಧೂಳನ್ನು ಬೆರಳಲ್ಲಿ ಒರೆಸಿದ. ಆಮೇಲೆ ಒರೆಸುವುದನ್ನು ನಿಲ್ಲಿಸಿ ಅವಳನ್ನು ನೋಡಿದ.

“ಪ್ರತಿ ಸಲ ಬಾಯಿ ತುದೀಲಿ ಒಂದೇ ಮಾತು ಬರ್ತಿತ್ತು. ಹೋಗ್ಬೇಡಿ ಅಂತ. ಬ್ರಿಸ್ಬೇನ್‌ಗೂ ಹೋಗ್ಬೇಡಿ, ಹೆರೆಸ್‌ಗೂ ಹೋಗ್ಬೇಡಿ. ಅದನ್ನ ಹೇಳೋ ಹಕ್ಕು ನನಗಿಲ್ಲ ಅಂತ ಗೊತ್ತಿತ್ತು. ಅದಕ್ಕೇ ಬಾಯಿ ಮುಚ್ಕೊಂಡೆ. ನಿನ್ನೆ ನಿಮ್ಮ ಮೆಸೇಜು ಹನ್ನೊಂದು ಸಲ ಕೇಳಿದೆ. ಹೋಗ್ಬೇಡಿ ಅನ್ನೋದು ಬಿಟ್ಟು ಬೇರೆ ಮಾತೂ ಇದೆಯಲ್ಲ ಅಂತ ಆಗ ಹೊಳೀತು.”

“ಯಾವ ಮಾತು?”

“ನಿನ್ನ ಕಂಡ್ರೆ ನನಗೆ ಪ್ರಾಣ, ಬನೂ.”

‘ನಿನ್ನ’ ಎಂದದ್ದು ಅವನಿಗೆ ಅರಿವಾದಂತಿರಲಿಲ್ಲ. ಅವಳಿಗೆ ಆಯಿತು. ಒಂದು ವರ್ಷದಿಂದ ಅಲೆದಾಡುತ್ತಿದ್ದ ಏನೋ ಒಂದು ಅವಳೊಳಗೆ ಮೆಲ್ಲನೆ ಕೂತುಕೊಂಡಿತು.

“ನನಗೂ,” ಎಂದಳು. ಮತ್ತೆ, ಡಾಕ್ಟರ್ ದನಿಯಲ್ಲಿ, “ಆದ್ರೆ ನಾನು ಹೋಗ್ತೀನಿ.”

“ಹೋಗು. ತಡೆಯೋದಾಗಿದ್ರೆ ‘ಹೋಗ್ಬೇಡ’ ಅಂತ ಒಂದು ಮೆಸೇಜ್ ಸಾಕಿತ್ತು, ಪ್ಲೇನ್ ಹತ್ತೋದೇ ಬೇಕಿರ್ಲಿಲ್ಲ.”

ಅವಳು ಫೋನ್ ತೆಗೆದಳು. ಹೆರೆಸ್‌ನ ಇಮೇಲ್ ತೆರೆದಳು. ಒಪ್ಪಿಗೆಯ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟು ಒತ್ತಿದಳು. ಪರದೆಯ ಮೇಲೆ ಸ್ಪ್ಯಾನಿಷ್‌ನಲ್ಲಿ ಏನೋ ಧನ್ಯವಾದ ಮೂಡಿತು. ಅವನು ಇಣುಕಿ ನೋಡಿ, ಗೋಣು ಆಡಿಸಿದ. ಕಣ್ಣು ಸ್ವಲ್ಪ ಹೊಳೆಯುತ್ತಿತ್ತು.

“ಕ್ಲಾಸ್ ಶುರು ಯಾವಾಗ?”

“ಸೆಪ್ಟೆಂಬರ್.”

“ಹತ್ತು ವರ್ಷ ಕಲ್ಲು ನೋಡಿದ್ದಕ್ಕೆ ನನಗೆ ಎರಡು ತಿಂಗಳು ಲಾಂಗ್ ಸರ್ವಿಸ್ ಲೀವ್ ಇದೆ. ನವೆಂಬರ್ ಡಿಸೆಂಬರ್ ತಗೋತೀನಿ. ಕ್ರಿಸ್‌ಮಸ್‌ಗೆ ಓಣಿ ಓಣೀಲಿ ಬೆಂಕಿ ಸುತ್ತ ನಿಂತು ಹಾಡ್ತಾರಂತೆ, ಮಿಲಾಗ್ರೋಸ್ ಹೇಳಿದ್ಲು. ಚಪ್ಪಾಳೆಗೆ ಜನ ಬೇಕಾಗುತ್ತೆ.”

“ಆಮೇಲೆ?”

“ವಾಪಸ್ ಬಂದು ಕಲ್ಲು ನೋಡ್ತೀನಿ. ನೀನು ಬರೋವರೆಗೂ ಎಣಿಸ್ತೀನಿ. ಹತ್ತರವರೆಗೆ ಮಾತ್ರ.”

ಅವಳು ಕೊನೆಗೂ ನಕ್ಕಳು. ಅವನ ಅಂಗಿಯ ಕಾಲರಿಗೆ ಅಂಟಿದ್ದ ಧೂಳನ್ನು ಕೊಡವಿ, ಕೈಯನ್ನು ಅಲ್ಲೇ ಬಿಟ್ಟಳು.

“ಅಲ್ಲಾ, ನಿನ್ನನ್ನ ಹೆರೆಸ್‌ಗೆ ಯಾರು ಕರೆದ್ರು?”

“ಯಾರೂ ಕರೀಲಿಲ್ಲ,” ಎಂದ ಪಂಚಾಕ್ಷರಿ. “ನಾನೇ ಬರ್ತಿದೀನಿ.”